ಅಳಿಸಲಾಗದ ತಪ್ಪು

ಕ್ರಿಪ್ಟೊ ಕೆಟ್ಟದ್ದು, ಬ್ಲಾಕ್‌ಚೈನ್ ಒಳ್ಳೆಯದು. ಕಳೆದ ಏಳೆಂಟು ವರ್ಷಗಳಲ್ಲಿ ಸರಕಾರಿ ಸಮಿತಿಗಳು ಬರೆದ ವರದಿಗಳು ಎಷ್ಟೇ ಸುತ್ತು ಬಳಸಿದರೂ ಕೊನೆಗೆ ಬಂದು ಕೂರುವುದು ಈ ಒಂದು ಮಾತಿನ ಮೇಲೆ. ಸುಭಾಷ್ ಚಂದ್ರ ಗರ್ಗ್ ನೇತೃತ್ವದ ಅಂತರ ಸಚಿವಾಲಯ ಸಮಿತಿಯ ವರದಿ 2019ರಲ್ಲಿ ಹೊರಬಂತು. ಖಾಸಗಿ ಕ್ರಿಪ್ಟೊ ಇಟ್ಟುಕೊಂಡವರಿಗೆ ಹತ್ತು ವರ್ಷದವರೆಗೆ ಜೈಲು ಎನ್ನುವ ಕರಡು ಮಸೂದೆಯನ್ನು ಅದಕ್ಕೆ ಲಗತ್ತಿಸಿದ್ದರು. ಅದೇ ವರದಿಯಲ್ಲಿ ಅದರ ಹಿಂದಿನ ತಂತ್ರಜ್ಞಾನಕ್ಕೆ ಹೊಗಳಿಕೆಯೂ ಇತ್ತು. 2020ರ ಜನವರಿಯಲ್ಲಿ ನೀತಿ ಆಯೋಗದ ಚರ್ಚಾಪತ್ರ ಬಂತು: ಭೂದಾಖಲೆ, ರಸಗೊಬ್ಬರದ ಸಬ್ಸಿಡಿ, ಔಷಧ ಸಾಗಣೆ, ಪದವಿ ಪ್ರಮಾಣಪತ್ರ ಎಲ್ಲವೂ ಬ್ಲಾಕ್‌ಚೈನಿನ ಮೇಲೆ ಹೋಗಬೇಕಂತೆ. ಅದೇ ತಿಂಗಳು ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರದ ಉದ್ಘಾಟನೆಯಾಯಿತು. 2021ರ ನವೆಂಬರಿನಲ್ಲಿ ಸಂಸತ್ತಿನ ಚಳಿಗಾಲದ ಅಧಿವೇಶನದ ಪಟ್ಟಿಗೆ ಒಂದು ಮಸೂದೆ ಸೇರಿತು. ಖಾಸಗಿ ಕ್ರಿಪ್ಟೊಗಳನ್ನೆಲ್ಲ ನಿಷೇಧಿಸುವುದು, ಆದರೆ ತಂತ್ರಜ್ಞಾನದ ಪ್ರೋತ್ಸಾಹಕ್ಕಾಗಿ ಕೆಲವು ವಿನಾಯಿತಿ ಕೊಡುವುದು ಎಂಬುದೇ ಅದರ ಸಾರ. ಮಸೂದೆ ಮಂಡನೆಯಾಗಲೇ ಇಲ್ಲ. ಆದರೆ ಅದರ ಹಿಂದಿನ ನಂಬಿಕೆ ಪತ್ರಿಕೆಗಳ ಸಂಪಾದಕೀಯಕ್ಕೂ ಕಾಲೇಜಿನ ವಿಚಾರಸಂಕಿರಣಕ್ಕೂ ಇಳಿದು, ಈಗ ಯಾರೂ ಪ್ರಶ್ನಿಸದ ತಿಳಿವಳಿಕೆಯಾಗಿ ಕೂತಿದೆ.

ಈ ಮಾತು ಎರಡೂ ಬದಿಯಲ್ಲಿ ತಪ್ಪು, ಎರಡೂ ತಪ್ಪಿನ ಬೇರು ಒಂದೇ ಎಂಬುದು ನನ್ನ ವಾದ. ಬ್ಲಾಕ್‌ಚೈನಿನಲ್ಲಿರುವಂತೆ ದಾಖಲೆಯನ್ನು ಅಳಿಸಲು ಬಾರದಿದ್ದರೆ ಅದು ನಂಬಲರ್ಹ ಎಂದು ಅಧ್ಯಯನ ಮಾಡಿದವರು ಮೊದಲೇ ಹಿಡಿದುಕೊಂಡು ಹೊರಟರು. ದಾಖಲೆ ತಪ್ಪಾಗಿದ್ದರೆ ಯಾರ ಮುಂದೆ ಹೋಗಿ ನಿಲ್ಲಬೇಕು, ತಿದ್ದುವವರು ಯಾರು, ನಷ್ಟ ತುಂಬಿಕೊಡುವವರು ಯಾರು ಎಂದು ಕೇಳಲಿಲ್ಲ. ಕೇಳಿದ್ದರೆ ಭೂದಾಖಲೆಗೆ ಬ್ಲಾಕ್‌ಚೈನ್ ಬೇಕು ಎಂಬ ಉತ್ಸಾಹ ಅರ್ಧಕ್ಕರ್ಧ ಇಳಿಯುತ್ತಿತ್ತು, ಕ್ರಿಪ್ಟೊ ಪೇಟೆಗೆ ಒಂದು ನೆಟ್ಟಗಿನ ಕಾಯಿದೆ ಎಂದೋ ಬರುತ್ತಿತ್ತು. ಈ ಪ್ರಶ್ನೆಗಳನ್ನು ಕೇಳಲು ಸಿಲಿಕಾನ್ ವ್ಯಾಲಿಗೆ ಹೋಗಬೇಕಾಗಿರಲಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ತಹಶೀಲ್ದಾರ ಕಚೇರಿಗಳು ಸಾಕಾಗಿದ್ದವು.

ಈ ನಾಲ್ಕು ತಾಲ್ಲೂಕುಗಳಲ್ಲಿ ಜನ ಯಾವುದಕ್ಕಾಗಿ ಕಚೇರಿ ಮೆಟ್ಟಿಲು ಹತ್ತುತ್ತಾರೆ? ಒಂದು ಉತಾರ, ಅಂದರೆ ಪಹಣಿ, ತೆಗೆದು ನೋಡಿ. ಒಂಬತ್ತನೆಯ ಕಲಮಿನಲ್ಲಿ ಮಾಲೀಕನ ಹೆಸರಿದೆ, ಆ ಮಾಲೀಕ ತೀರಿಹೋಗಿ ಒಂದು ತಲೆಮಾರು ಕಳೆದಿದೆ. ಮಕ್ಕಳು ವಾರಸಾ ಮಾಡಿಸಿಲ್ಲ, ಏಕೆಂದರೆ ಅಣ್ಣತಮ್ಮಂದಿರ ವಾಟ್ನಿ ಬಗೆಹರಿದಿಲ್ಲ, ಅಕ್ಕತಂಗಿಯರ ಹೆಸರು ಹಾಕಬೇಕೋ ಬೇಡವೋ ಎಂಬುದು ಇತ್ಯರ್ಥವಾಗಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಆರು ಜನರ ಹೆಸರು ಜಂಟಿಯಾಗಿ ಕೂತಿವೆ, ಅಳೆದು ಪಾಲು ಬೇರೆಮಾಡುವ ಪೋಡಿಯಾಗಿಲ್ಲ. ಆಕಾರಬಂದಿಯಲ್ಲಿರುವ ಕ್ಷೇತ್ರಕ್ಕೂ ಉತಾರದ ಕ್ಷೇತ್ರಕ್ಕೂ ಐದು ಗುಂಟೆ ವ್ಯತ್ಯಾಸ. ಸೊಸೈಟಿಯ ಸಾಲ ತೀರಿದೆ, ಹನ್ನೊಂದನೆಯ ಕಲಮಿನಲ್ಲಿ ಬೋಜಾ ಹಾಗೇ ನಿಂತಿದೆ. ಇವುಗಳಲ್ಲಿ ಒಂದಾದರೂ ಯಾರೋ ರಾತ್ರೋರಾತ್ರಿ ಕಂಪ್ಯೂಟರಿಗೆ ನುಗ್ಗಿ ದಾಖಲೆ ತಿದ್ದಿದ್ದರಿಂದ ಆದ ತೊಂದರೆಯೇ? ತಿದ್ದಬೇಕಾದುದನ್ನು ತಿದ್ದದೆ ಬಿಟ್ಟಿದ್ದೇ ಇಲ್ಲಿನ ಕಾಯಿಲೆ. ರಾಜ್ಯದಲ್ಲಿ ಸತ್ತವರ ಹೆಸರಿನಲ್ಲೇ ಉಳಿದಿರುವ ಜಮೀನುಗಳು ಐವತ್ತು ಲಕ್ಷದ ಸುಮಾರು ಎಂದು ಕಂದಾಯ ಇಲಾಖೆಯೇ ಲೆಕ್ಕ ಕೊಟ್ಟು, 2025ರಲ್ಲಿ ಅವನ್ನು ವಾರಸುದಾರರ ಹೆಸರಿಗೆ ಮಾಡುವ ಇ-ಪೌತಿ ಆಂದೋಲನ ಶುರು ಮಾಡಿತು. ಅಷ್ಟು ಉತಾರಗಳನ್ನು ಇದ್ದ ಹಾಗೇ ಯಾರೂ ಮುಟ್ಟಲಾಗದ ಬ್ಲಾಕ್‌ಚೈನ್ ಸರಪಳಿಗೆ ಏರಿಸಿದರೆ ಕೈಗೆ ಸಿಗುವುದು ಸತ್ತವರ ಭದ್ರವಾದ ಪಟ್ಟಿ.

ಈ ಪಾಠವನ್ನು ಕರ್ನಾಟಕ ಒಂದು ಸಲ ಕಲಿತಿದೆ. ಭೂಮಿ ಯೋಜನೆಯಲ್ಲಿ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು, ಕೈಬರಹದ ಉತಾರ ರದ್ದಾಯಿತು. ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಉತಾರ ಸಿಗತೊಡಗಿತು, ತಲಾಟಿಯ ಮನೆಬಾಗಿಲು ಕಾಯುವುದು ತಪ್ಪಿತು. ಈ ಲಾಭವನ್ನು ಅಲ್ಲಗಳೆಯುವುದು ಅನ್ಯಾಯ. ಅದರ ಜತೆಗೆ ಕೈಬರಹದಲ್ಲಿದ್ದ ತಪ್ಪುಗಳೂ ಅಚ್ಚಾಗಿ ಬಂದವು, ಹೆಸರು ಟೈಪು ಮಾಡುವಾಗ ಹೊಸ ತಪ್ಪುಗಳೂ ಸೇರಿದವು. ಮೊದಲು ಊರಿನಲ್ಲೇ ಜಗಳವಾಡಿ ತಿದ್ದಿಸಬಹುದಾಗಿದ್ದ ಅಕ್ಷರಕ್ಕೆ ತಾಲ್ಲೂಕಿನ ದಾರಿ ಹಿಡಿಯಬೇಕಾಯಿತು. ಕಂಪ್ಯೂಟರು ಲಂಚವನ್ನು ಅಳಿಸಲಿಲ್ಲ, ಅದರ ಜಾಗ ಬದಲಿಸಿತು ಎಂದು ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ವಾದಿಸಿದ್ದರು. ನಮ್ಮ ಭೂಕಂದಾಯ ಕಾಯಿದೆ ಈ ವಿಷಯದಲ್ಲಿ ಸಮಿತಿಗಳಿಗಿಂತ ಜಾಣತನ ತೋರಿಸಿದೆ. 1964ರ ಆ ಕಾಯಿದೆಯ 133ನೆಯ ಕಲಂ ಪ್ರಕಾರ ದಾಖಲೆಯ ನಮೂದು ನಿಜವೆಂದು ಭಾವಿಸತಕ್ಕದ್ದು, ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ. 136ನೆಯ ಕಲಮಿನಲ್ಲಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿಗೆ. ನಮೂದು ತಪ್ಪಾಗಿರಬಹುದು ಎಂಬ ಗುಮಾನಿಯನ್ನು ಕಾಯಿದೆ ಒಳಗೇ ಇಟ್ಟುಕೊಂಡಿದೆ. ಹೊಸ ತಂತ್ರಜ್ಞಾನದ ಭಕ್ತರು ಕಿತ್ತುಹಾಕಲು ಹೊರಟಿರುವುದು ಆ ಗುಮಾನಿಯನ್ನೇ.

ದಾಖಲೆಯ ಮೇಲೆ ಗುಮಾನಿ ಪಟ್ಟಿದ್ದರಿಂದಲೇ ಈ ನೆಲದ ದೊಡ್ಡ ನ್ಯಾಯವೊಂದು ಸಾಧ್ಯವಾಯಿತು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಜಮೀನುಗಳೆಲ್ಲ ಸರಕಾರದಲ್ಲಿ ನಿಹಿತವಾದವು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಎಂಟು ಲಕ್ಷದಷ್ಟು ಅರ್ಜಿ ಬಂದವು. ಎಷ್ಟೋ ಪಹಣಿಗಳ ಹನ್ನೆರಡನೆಯ ಕಲಮಿನಲ್ಲಿ, ಸಾಗುವಳಿದಾರನ ಹೆಸರಿರಬೇಕಾದಲ್ಲಿ, ಗೇಣಿದಾರನ ಹೆಸರಿರಲಿಲ್ಲ. ಕಾಯಿದೆ ಬರುವ ಸುಳಿವು ಹತ್ತಿದ ಒಡೆಯರು ಆ ಹೆಸರುಗಳು ಸೇರದಂತೆ ನೋಡಿಕೊಂಡಿದ್ದರು. ಭೂನ್ಯಾಯಮಂಡಳಿಗಳು ಕಾಗದ ನಂಬಿ ಕೂತಿದ್ದರೆ ಅರ್ಜಿದಾರರು ಬರಿಗೈಯಲ್ಲಿ ಮರಳಬೇಕಿತ್ತು. ಮಂಡಳಿಗಳು ಬಾಯಿಮಾತಿನ ಸಾಕ್ಷ್ಯ ತೆಗೆದುಕೊಂಡವು, ಪಕ್ಕದ ಹೊಲದವರನ್ನು ಕರೆಸಿ ಕೇಳಿದವು, ಪಹಣಿಯಲ್ಲಿ ಇಲ್ಲದ ಉಳುಮೆ ಹೊಲದಲ್ಲಿತ್ತು ಎಂದು ಬರೆದವು. ಅಂದು ಗೇಣಿದಾರನ ಕಡೆ ತಂತ್ರಜ್ಞಾನವಿರಲಿಲ್ಲ, ದಾಖಲೆಯೂ ಇರಲಿಲ್ಲ. ದಾಖಲೆಯನ್ನು ಬದಿಗೆ ಸರಿಸಿ ಕೇಳುವ ಅಧಿಕಾರವುಳ್ಳ ಒಂದು ಮಂಡಳಿ ಇತ್ತು.

ಅಳಿಸಲಾಗದ ದಾಖಲೆ ಈ ಸೀಮೆಗೆ ಹೊಸದೂ ಅಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಶಾಸನವಿದೆ. ಬಿಜ್ಜಳ, ಚಾಲುಕ್ಯ ನಾಲ್ಕನೆಯ ಸೋಮೇಶ್ವರ, ಹಾನಗಲ್ಲಿನ ಕದಂಬ ಕಾಮದೇವ ಮೂವರೂ ದೇವಾಲಯಕ್ಕೆ ಊರುಗಳನ್ನು ಬಿಟ್ಟ ವಿವರವನ್ನು ಅದರಲ್ಲಿ ಕೆತ್ತಿದ್ದಾರೆ. ಕಲ್ಲಿನ ಮೇಲೆ ಬರೆದದ್ದನ್ನು ಯಾವ ಶಾನಭೋಗನೂ ತಿದ್ದಲಾರ. ದಾನದ ಭೂಮಿ ಕಸಿದವರು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗುತ್ತಾರೆ ಎಂಬ ಶಾಪ ಇಂಥ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯ, ಅಂದರೆ ದಂಡನೆಯ ಕಲಮೂ ಒಳಗೇ ಇದೆ. ಆದರೂ ಭೂಮಿಯ ಹಕ್ಕು ಕಲ್ಲಿನ ಮಾತು ಕೇಳಲಿಲ್ಲ. ರಾಜ್ಯಗಳು ಬದಲಾದವು, ಸವಣೂರಿನ ನವಾಬರ ಆಳ್ವಿಕೆ ಬಂದು ಹೋಯಿತು, ಮುಂಬಯಿ ಸರಕಾರ 1950ರಲ್ಲಿ ಕುಲಕರ್ಣಿ ವತನಗಳನ್ನು ತೆಗೆದುಹಾಕಿತು, ಮುಂದೆ ಇನಾಮುಗಳೂ ಹೋದವು. ಹೋದದ್ದು ಬಹುಪಾಲು ಒಳ್ಳೆಯದೇ ಆಯಿತು. ಹಕ್ಕನ್ನು ನಿರ್ಧರಿಸುವುದು ಕಾನೂನು, ಒಪ್ಪಂದ, ತೀರ್ಪು. ದಾಖಲೆ ಅವುಗಳ ಬೆನ್ನು ಹತ್ತಿ ಬರಬೇಕು. ಬೆನ್ನು ಹತ್ತಿ ಬರಲಾರದ ದಾಖಲೆ ಇತಿಹಾಸಕಾರರಿಗೆ ಉಪಯೋಗ.

ತೀರ ಇತ್ತೀಚಿನ ನಿದರ್ಶನ ಸವಣೂರು ತಾಲ್ಲೂಕಿನದು. 2024ರ ಅಕ್ಟೋಬರಿನಲ್ಲಿ ರಾಜ್ಯದ ಅಲ್ಲಲ್ಲಿ ಪಹಣಿಯ ಹನ್ನೊಂದನೆಯ ಕಲಮಿನಲ್ಲಿ ವಕ್ಫ್ ಹೆಸರು ಕಾಣಿಸಿಕೊಂಡ ಸುದ್ದಿ ಹಬ್ಬಿತು. ತಿಂಗಳ ಕೊನೆಗೆ ಕಡಕೋಳದಲ್ಲಿ, ಜಮೀನು ಮನೆಗಳು ವಕ್ಫ್ ಪಾಲಾಗುತ್ತವೆ ಎಂಬ ಗಾಳಿಮಾತಿಗೆ ಗುಂಪೊಂದು ಮುಸ್ಲಿಮರ ಮನೆಗಳ ಮೇಲೆ ಕಲ್ಲು ತೂರಿತು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ರೈತರಿಗೆ ಕೊಟ್ಟ ನೋಟಿಸುಗಳನ್ನು ವಾಪಸು ಪಡೆಯಲು ಸೂಚಿಸಿದರು. ಇಡೀ ಪ್ರಕರಣದಲ್ಲಿ ದಾಖಲೆಗೆ ಕಳ್ಳ ನುಗ್ಗಿದ ಎಂದು ಯಾರೂ ಹೇಳಲಿಲ್ಲ. ಅಧಿಕಾರವಿದ್ದವರೇ ನಮೂದಿಸಿದ್ದು, ಅಧಿಕಾರವಿದ್ದವರೇ ತೆಗೆಯಬೇಕಾದ್ದು. ಹೊಲ ತಮ್ಮದೆನ್ನುವ ರೈತರಿಗೂ ಹಳೆಯ ಗೆಜೆಟ್ಟಿನ ಆಧಾರ ತೋರಿಸುವ ವಕ್ಫ್ ಮಂಡಳಿಗೂ ಬೇಕಾಗಿದ್ದದ್ದು ಮೊದಲೇ ನೋಟಿಸು, ಎರಡೂ ಕಡೆಯ ಮಾತು ಕೇಳುವ ವಿಚಾರಣೆ, ಕಾರಣ ಬರೆದ ಆದೇಶ. ನಮೂದನ್ನು ಇನ್ನಷ್ಟು ಭದ್ರಪಡಿಸುವ ಯಂತ್ರ ಬಂದಿದ್ದರೆ ಕಡಕೋಳದ ಗಾಳಿಮಾತಿಗೆ ಇನ್ನಷ್ಟು ಬಲ ಬರುತ್ತಿತ್ತು: ಒಮ್ಮೆ ಏರಿದರೆ ಮುಗಿಯಿತು, ಇನ್ನು ಇಳಿಯುವುದಿಲ್ಲ ಎಂದು.

ತಂತ್ರಜ್ಞಾನ ಬಲ್ಲವರು ಇಲ್ಲಿ ತಡೆದು ಹೇಳುತ್ತಾರೆ: ಬ್ಲಾಕ್‌ಚೈನಿನಲ್ಲಿ ತಿದ್ದುಪಡಿ ಅಸಾಧ್ಯವೇನಲ್ಲ, ಹಳೆಯ ನಮೂದನ್ನು ಉಳಿಸಿಕೊಂಡು ಅದರ ಮೇಲೆ ಹೊಸದನ್ನು ಬರೆಯಬಹುದು, ಯಾರು ಯಾವಾಗ ಬರೆದರು ಎಂಬುದು ಸಿಕ್ಕಿಬೀಳುತ್ತದೆ, ಒಳಗಿನವರೇ ಮಾಡುವ ಕಿತಾಪತಿಗೆ ಇದೇ ಮದ್ದು. ಸರಿ. ಹೊಸದನ್ನು ಬರೆಯುವವರು ಯಾರು? ಅದೇ ತಹಶೀಲ್ದಾರರು, ಅದೇ ಕಚೇರಿಯ ಅದೇ ಲಾಗಿನ್. ಬರೆದವರ ಗುರುತು ಹಿಡಿಯುವುದಕ್ಕೆ ಭೂಮಿ ಯೋಜನೆ ಶುರುವಾದಾಗಲೇ ಬೆರಳಚ್ಚಿನ ವ್ಯವಸ್ಥೆ ಇತ್ತು. ಗುರುತು ಸಿಕ್ಕಮೇಲೆ ಕ್ರಮ ಕೈಗೊಳ್ಳುವ ಮನಸ್ಸನ್ನು ಯಾವ ಸಾಫ್ಟ್‌ವೇರೂ ಕೊಡುವುದಿಲ್ಲ. ಇನ್ನು ಎಲ್ಲರ ಕಣ್ಣೆದುರು ಹಂಚಿಹೋದ ಲೆಕ್ಕದ ಪುಸ್ತಕ ಎಂಬ ಮಾತು. ಬಿಟ್‌ಕಾಯಿನ್ನಿನ ಪುಸ್ತಕ ಪರಸ್ಪರ ಪರಿಚಯವಿಲ್ಲದ ಸಾವಿರಾರು ಜನರ ಕೈಯಲ್ಲಿದೆ, ಅದರ ಬಲವಿರುವುದು ಅಲ್ಲಿ. ಕೇಂದ್ರ ಸರಕಾರ 2024ರ ಸೆಪ್ಟೆಂಬರಿನಲ್ಲಿ ಹೊರತಂದ ವಿಶ್ವಸ್ಯ ಎಂಬ ರಾಷ್ಟ್ರೀಯ ಬ್ಲಾಕ್‌ಚೈನ್ ವ್ಯವಸ್ಥೆ ಕೂತಿರುವುದು ಭುವನೇಶ್ವರ, ಪುಣೆ, ಹೈದರಾಬಾದುಗಳಲ್ಲಿ. ಮೂರೂ ಕಡೆ ಎನ್‌ಐಸಿಯದೇ ಡೇಟಾ ಸೆಂಟರ್. ಒಬ್ಬನೇ ಯಜಮಾನನ ಮೂರು ಕೋಣೆಗಳಲ್ಲಿ ಮೂರು ಪ್ರತಿ ಇಟ್ಟರೆ ಅದು ಒಳ್ಳೆಯ ಬ್ಯಾಕಪ್ಪು. ಅದಕ್ಕೆ ನನ್ನ ತಕರಾರಿಲ್ಲ. ಯಾರನ್ನೂ ನಂಬಬೇಕಾಗಿಲ್ಲ ಎಂಬ ಜಂಬಕ್ಕೆ ತಕರಾರು. ತಿದ್ದಿದ್ದು ಗೊತ್ತಾಗಬೇಕಾದರೆ ದಿನದಿನದ ದಾಖಲೆಯ ಡಿಜಿಟಲ್ ಮುದ್ರೆಯನ್ನು (ಹ್ಯಾಶ್) ಪ್ರಕಟಿಸಿದರೆ ಸಾಕು, ಖರ್ಚೂ ಕಡಿಮೆ.

ಜಾರ್ಜಿಯಾ ದೇಶದ ಉದಾಹರಣೆಯನ್ನು ಎಲ್ಲರೂ ಎತ್ತುತ್ತಾರೆ. 2016ರಿಂದ ಅಲ್ಲಿ ಭೂದಾಖಲೆಯ ಮುದ್ರೆಗಳನ್ನು ಬ್ಲಾಕ್‌ಚೈನಿಗೆ ಕಟ್ಟಿದ್ದಾರೆ, ನಿಜ. ಅದಕ್ಕೂ ಹಿಂದಿನ ವರ್ಷಗಳಲ್ಲೇ ಆ ದೇಶ ತನ್ನ ನೋಂದಣಿ ಕಚೇರಿಗಳನ್ನು ಬುಡದಿಂದ ಶುದ್ಧ ಮಾಡಿಕೊಂಡಿತ್ತು. ಅಂಥ ತಯಾರಿಯಿಲ್ಲದೆ 2015ರಲ್ಲಿ ಇದೇ ಕೆಲಸಕ್ಕೆ ಕೈಹಾಕಿದ ಹೊಂಡುರಾಸ್ ವರ್ಷ ಮುಗಿಯುವುದರೊಳಗೆ ಅಲ್ಲೇ ನಿಂತಿತು.

ಈಗ ಮಾತಿನ ಇನ್ನೊಂದು ಅರ್ಧಕ್ಕೆ ಬರೋಣ. ಕ್ರಿಪ್ಟೊ ಕೆಟ್ಟದ್ದು, ಅದನ್ನು ದೂರವಿಡಬೇಕು, ಕಾಯಿದೆ ಮಾಡಿದರೆ ಮಾನ್ಯತೆ ಕೊಟ್ಟಂತಾಗುತ್ತದೆ ಎಂಬುದು ರಿಸರ್ವ್ ಬ್ಯಾಂಕಿನ ಹಳೆಯ ನಿಲುವು. 2018ರ ಏಪ್ರಿಲ್ 6ರಂದು ಅದು ಬ್ಯಾಂಕುಗಳಿಗೆ ಕ್ರಿಪ್ಟೊ ವ್ಯವಹಾರದವರ ಸಹವಾಸ ಬಿಡಿ ಎಂದು ಸುತ್ತೋಲೆ ಕಳಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರವಿದೆ, ಆದರೆ ತನ್ನ ಹಿಡಿತದ ಸಂಸ್ಥೆಗಳಿಗೆ ಇಂಥ ಹಾನಿಯಾಗಿದೆ ಎಂದು ಅದು ತೋರಿಸಲಿಲ್ಲ, ಕ್ರಮ ಪ್ರಮಾಣ ಮೀರಿತು ಎಂದಿತು. ಸಂಸತ್ತು ಕಾಯಿದೆ ಮಾಡಬೇಕಾದ ಹೊತ್ತು ಅದು. ಬಂದದ್ದು 2022ರ ಹಣಕಾಸು ಕಾಯಿದೆ: ಲಾಭದ ಮೇಲೆ ಶೇ 30 ತೆರಿಗೆ, ವಹಿವಾಟಿನ ಮೇಲೆ ಶೇ 1 ಟಿಡಿಎಸ್, ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2023ರ ಮಾರ್ಚಿನಲ್ಲಿ ಕ್ರಿಪ್ಟೊ ವ್ಯವಹಾರವನ್ನು ಹಣದ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೂ ತಂದರು. ಈ ಎರಡು ಕ್ರಮಗಳೂ ಸರಕಾರದ ಹಿತ ಕಾಯುವಂಥವು. ದುಡ್ಡು ಹಾಕಿದವನ ಹಿತ ಕಾಯುವ ಒಂದು ಸಾಲೂ ಇವುಗಳಲ್ಲಿಲ್ಲ. 2024ರ ಸೆಪ್ಟೆಂಬರಿಗೆ ಬರುತ್ತದೆ ಎಂದಿದ್ದ, ಕ್ರಿಪ್ಟೊ ನೀತಿ ಕುರಿತ ಸರಕಾರದ ಚರ್ಚಾಪತ್ರ ಆ ಗಡುವಿಗೆ ಬರಲಿಲ್ಲ.

ಕಾಯಿದೆಯಿಲ್ಲದ ಜಾಗದಲ್ಲಿ ಏನಾಗುತ್ತದೆ ಎಂದು ಕರ್ನಾಟಕಕ್ಕೆ ಬೇರೆಯವರು ಹೇಳಬೇಕಿಲ್ಲ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲಕ್ಕೆ ಕನ್ನ ಹಾಕಿ ಗುತ್ತಿಗೆದಾರರ ಇಎಂಡಿ ಠೇವಣಿಯಿಂದ ಹನ್ನೊಂದೂವರೆ ಕೋಟಿ ರೂಪಾಯಿ ಎತ್ತಿದರು. ಆ ಕನ್ನದ ಆರೋಪವನ್ನೂ ಹೊತ್ತ, 2020ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಬಂಧಿತನಾದ ಹ್ಯಾಕರ್‌ನ ಪ್ರಕರಣ ಮುಂದಿನ ವರ್ಷದ ಹೊತ್ತಿಗೆ ಬಿಟ್‌ಕಾಯಿನ್ ಹಗರಣವಾಗಿ ಬೆಳೆಯಿತು. ಆಗ ಮುಖ್ಯಮಂತ್ರಿ ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ. ಪಕ್ಕದ ಹಾನಗಲ್ಲಿನ ಉಪಚುನಾವಣೆಯಲ್ಲಿ ಅವರ ಪಕ್ಷ ಸೋತದ್ದು 2021ರ ನವೆಂಬರ್ 2ರಂದು, ಹಗರಣದ ಗದ್ದಲ ತಾರಕಕ್ಕೇರಿದ್ದು ಅದೇ ತಿಂಗಳು. ಯಾವ ಪಕ್ಷದವರು ಎಷ್ಟು ಕಾಯಿನ್ ನುಂಗಿದರು ಎಂಬ ಆರೋಪ ಪ್ರತ್ಯಾರೋಪದಲ್ಲಿ ಎಲ್ಲರೂ ಮುಳುಗಿದರು. ಅದಕ್ಕಿಂತ ಮುಖ್ಯವಾದ ಸಂಗತಿ ಪೊಲೀಸರ ಸ್ವಂತ ಹೇಳಿಕೆಗಳಲ್ಲೇ ಇತ್ತು. 2021ರ ಜನವರಿಯಲ್ಲಿ ಒಂಬತ್ತು ಕೋಟಿ ಬೆಲೆಯ 31 ಬಿಟ್‌ಕಾಯಿನ್ ಜಪ್ತಿ ಮಾಡಿದ್ದೇವೆ ಎಂದರು. ನವೆಂಬರಿನಲ್ಲಿ, ಆರೋಪಿ ತೋರಿಸಿದ ಆ ವಾಲೆಟ್ಟು ಅವನದ್ದಲ್ಲ, ಯಾವುದೋ ಎಕ್ಸ್‌ಚೇಂಜಿನ ಚಾಲ್ತಿ ವಾಲೆಟ್ಟು, ಅದರ ಕೀಲಿಯೇ ಅವನ ಬಳಿ ಇಲ್ಲ ಎಂದರು. ಜಪ್ತಿ ಎಂದರೆ ಏನು, ಕೀಲಿ ಯಾರ ಕೈಗೆ ಬರಬೇಕು, ಜಪ್ತಾದದ್ದು ಎಲ್ಲಿರಬೇಕು, ಅದಕ್ಕೆ ಜವಾಬು ಯಾರು ಎಂಬ ನಿಯಮಗಳಿಲ್ಲದೆ ತನಿಖೆಗೆ ಇಳಿದರೆ ಆಗುವುದು ಹೀಗೆಯೇ. 2023ರಲ್ಲಿ ರಚನೆಯಾದ ವಿಶೇಷ ತನಿಖಾ ತಂಡ ಮೊದಲು ತನಿಖೆ ಮಾಡಿದವರ ಮೇಲೆಯೇ ಕೇಸು ಹಾಕಬೇಕಾಯಿತು.

ಸಾಮಾನ್ಯ ಹೂಡಿಕೆದಾರನ ಪಾಡು ಇನ್ನೂ ಕಡೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಕ್ರಿಪ್ಟೊ ಎಕ್ಸ್‌ಚೇಂಜಿನಿಂದ 23 ಕೋಟಿ ಡಾಲರಿನಷ್ಟು ಕಳುವಾಯಿತು. ಖಾತೆದಾರರು ಹೆಚ್ಚಿನವರು ಭಾರತೀಯರು. ಅವರ ಬಾಕಿ ತೀರಿಸುವ ಯೋಜನೆಗೆ ಒಪ್ಪಿಗೆ ಕೊಡಬೇಕಾದದ್ದು ಸಿಂಗಪುರದ ಹೈಕೋರ್ಟು, ಏಕೆಂದರೆ ಕಂಪನಿಯ ಕಾಗದಪತ್ರ ಅಲ್ಲಿತ್ತು. ಅಲ್ಲಿವರೆಗೆ ಇಲ್ಲಿನ ಖಾತೆದಾರ ಬಾಗಿಲು ತಟ್ಟಲು ಸೆಬಿ ಇಲ್ಲ, ರಿಸರ್ವ್ ಬ್ಯಾಂಕ್ ಇಲ್ಲ, ಠೇವಣಿ ವಿಮೆಯಂತೂ ಇಲ್ಲವೇ ಇಲ್ಲ. ಒಬ್ಬ ಖಾತೆದಾರರು ಮದ್ರಾಸ್ ಹೈಕೋರ್ಟಿಗೆ ಹೋದಮೇಲೆ, 2025ರ ಅಕ್ಟೋಬರಿನಲ್ಲಿ, ಕ್ರಿಪ್ಟೊ ಕೂಡ ಆಸ್ತಿಯೇ, ಅದನ್ನು ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂಬ ಮಾತು ಒಂದು ಆದೇಶದಲ್ಲಿ ಬಂತು. ಕಾಯಿದೆ ಹೇಳಬೇಕಾದುದನ್ನು ನ್ಯಾಯಾಲಯ ಒಬ್ಬರ ಖರ್ಚಿನಲ್ಲಿ ಹೇಳಿತು. ಆಪ್ ಹಾಕಿಸಿ ಯುಎಸ್‌ಡಿಟಿ ಎಂಬ ಕ್ರಿಪ್ಟೊ ಕೊಳ್ಳಿಸಿ ಟೋಪಿ ಹಾಕುವ ದಂಧೆಯದು ಬೇರೆ ಕತೆ. ಮೋಸಹೋದವರು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದರೆ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತಿರುವವರೆಗೆ ತಡೆಯಬಹುದು. ತಡೆಯುವುದಕ್ಕೆ ಅಲ್ಲೊಬ್ಬ ಜವಾಬ್ದಾರಿ ಹೊತ್ತವನಿದ್ದಾನೆ ಎಂಬುದೇ ಕಾರಣ. ಅದು ಕ್ರಿಪ್ಟೊ ಆಗಿ ದಾಟಿದಮೇಲೆ ಆ ಅಳಿಸಲಾಗದ ಸರಪಳಿಯಲ್ಲಿ ಹಣ ಎಲ್ಲಿ ಹೋಯಿತೆಂದು ಎಲ್ಲರಿಗೂ ಕಾಣುತ್ತದೆ, ಹಿಡಿಯುವುದು ಮಾತ್ರ ತೀರ ಕಷ್ಟ.

ಕಾಯಿದೆ ಮಾಡಿದರೆ ಜೂಜಿಗೆ ಮಾನ್ಯತೆ ಸಿಗುತ್ತದೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತೆಗೆದುಹಾಕಬಾರದು. ಬಿಟ್‌ಕಾಯಿನ್ನಿನ ಹಿಂದೆ ಆದಾಯವಿಲ್ಲ, ಆಸ್ತಿಯಿಲ್ಲ. ರೂಪಾಯಿಯ ಮೇಲಿನ ಹಿಡಿತ ಸಡಿಲಾದೀತು ಎಂಬ ಭಯವೂ ಪೂರ್ತಿ ಹುಸಿಯಲ್ಲ. ಆದರೆ ಶೇ 30 ತೆರಿಗೆ ವಸೂಲಿಗೆ ನಿಂತ ದಿನವೇ ಸರಕಾರ ಅದಕ್ಕೆ ಸಿಗಬಹುದಾದ ಮಾನ್ಯತೆಯನ್ನು ಕೊಟ್ಟಾಗಿದೆ. ಸಾಮಾನ್ಯ ಜನ ಕಾಯಿದೆಯ ಪೀಠಿಕೆ ಓದಿ ಹೂಡಿಕೆ ಮಾಡುವುದಿಲ್ಲ, ಟ್ಯಾಕ್ಸ್ ಕಟ್ಟುತ್ತೇವಲ್ಲ, ಕಾನೂನುಬದ್ಧವೇ ಇರಬೇಕು ಎನ್ನುತ್ತಾರೆ. ತೆರಿಗೆಯ ಮಾನ್ಯತೆ ಕೊಟ್ಟು ರಕ್ಷಣೆಯ ಹೊಣೆ ತಪ್ಪಿಸಿಕೊಳ್ಳುವುದು ಎಚ್ಚರಿಕೆಯ ನೀತಿಯಲ್ಲ. ಜಪಾನ್ 2014ರಲ್ಲಿ ಮೌಂಟ್ ಗಾಕ್ಸ್ ಎಂಬ ಬಿಟ್‌ಕಾಯಿನ್ ಎಕ್ಸ್‌ಚೇಂಜ್ ಮುಳುಗಿದ ಮೇಲೆ ಕಾಯಿದೆ ತಿದ್ದಿ, 2017ರ ಏಪ್ರಿಲಿನಿಂದ ಗ್ರಾಹಕರ ಸ್ವತ್ತನ್ನು ಕಂಪನಿಯ ಸ್ವತ್ತಿನಿಂದ ಬೇರೆಯಾಗಿಡಲೇಬೇಕು ಎಂದಿತು. ಯುರೋಪಿನ ಮೈಕಾ ಎಂಬ ಕ್ರಿಪ್ಟೊ ಕಾನೂನು 2024ರ ಡಿಸೆಂಬರಿನಿಂದ ಪೂರ್ತಿ ಜಾರಿಯಲ್ಲಿದೆ. ತನ್ನ ವಶದಲ್ಲಿಟ್ಟುಕೊಂಡದ್ದು ಕಳುವಾದರೆ ಆ ಸಂಸ್ಥೆಯೇ ಹೊಣೆ ಎಂದು ಅದರಲ್ಲಿದೆ. ಈ ಎರಡೂ ಕಡೆ ಕ್ರಿಪ್ಟೊ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುತ್ತ ಕೂರಲಿಲ್ಲ. ಬೇರೆಯವರ ದುಡ್ಡು ಇಟ್ಟುಕೊಂಡವನು ಯಾರು ಎಂದು ಕೇಳಿ ಅವನ ಹೆಸರು ಬರೆದುಕೊಂಡರು.

ಸರಕಾರಕ್ಕೆ ಈ ಸುಲಭದ ಸೂತ್ರ ಇಷ್ಟೊಂದು ಹಿಡಿಸಿದ್ದೇಕೆ ಎಂಬುದೂ ಗುಟ್ಟೇನಲ್ಲ. ಬ್ಲಾಕ್‌ಚೈನ್ ಒಳ್ಳೆಯದು ಎಂದರೆ ಉದ್ಘಾಟನೆ ಮಾಡಬಹುದು. ಭೂಮಾಪಕರನ್ನು ನೇಮಿಸುವುದು, ಪೋಡಿ ಮುಗಿಸುವುದು, ಮೇಲ್ಮನವಿಗಳಿಗೆ ಅವಧಿ ಕಟ್ಟುವುದು ಸುದ್ದಿಯಾಗದ ಖರ್ಚಿನ ಕೆಲಸ. ಕ್ರಿಪ್ಟೊ ಕೆಟ್ಟದ್ದು ಎಂದರೆ ಮೋಸಹೋದವನಿಗೆ ದುರಾಸೆ ಪಟ್ಟೆ, ಅನುಭವಿಸು ಎನ್ನಬಹುದು. ಹಳೆಯ ಕಂದಾಯ ಕಡತಗಳನ್ನು ಸ್ಕ್ಯಾನ್ ಮಾಡಿ ಜನರಿಗೆ ಸಿಗುವಂತೆ ಮಾಡುತ್ತಿರುವ ಭೂಸುರಕ್ಷಾ ಯೋಜನೆಯಿಂದ ಉಪಯೋಗವಾಗುತ್ತಿರುವುದು ಸರಳವಾದ ಕಾರಣಕ್ಕೆ: ಮೂಲ ಕಾಗದ ಕೈಗೆ ಬಂದವನು ಉತಾರದ ತಪ್ಪನ್ನು ಎತ್ತಿ ತೋರಿಸಬಲ್ಲ. ಇನ್ನೊಂದು ಅಧ್ಯಯನ ಸಮಿತಿ ಆಗಬೇಕೆಂದಿದ್ದರೆ ಆಗಲಿ. ಅದರ ಮೊದಲ ಬೈಠಕ್ಕನ್ನು ಸವಣೂರಿನ ಉಪವಿಭಾಗಾಧಿಕಾರಿಯ ಕೋರ್ಟಿನಲ್ಲಿ ಮೇಲ್ಮನವಿಗಳ ವಿಚಾರಣೆ ಇರುವ ದಿನ ಇಡಬೇಕು, ಎರಡನೆಯದನ್ನು ಹಾವೇರಿಯ ಸೈಬರ್ ಠಾಣೆಯಲ್ಲಿ. ತಂತ್ರಜ್ಞಾನದ ಪರಿಣತರು ಅಲ್ಲಿಗೂ ಬರಲಿ, ಆದರೆ ದೂರು ಕೊಟ್ಟವರ ಮಾತು ಮುಗಿಯುವ ತನಕ ಹಿಂದಿನ ಬೆಂಚಿನಲ್ಲಿ ಕೂತಿರಲಿ.